ತಲೆದಿಕ್ಕಿನ ಬೋರ್ಡು

ಆತ ತೀರಿಕೊಂಡ ಮೇಲೆ ನಮ್ಮ ಪ್ರತಿಷ್ಠಾನದ ಉಳಿದವರು ಸ್ಮರಣ ಸಂಚಿಕೆ ತರುತ್ತೇವೆ ಎಂದರು. "ಮೇಷ್ಟ್ರೇ, ಇಷ್ಟು ವರ್ಷ ಜೊತೆಗೆ ಓಡಾಡಿದೋರು ನೀವು, ಎರಡು ಪುಟ ಬರೆದುಕೊಡಿ" ಎಂದು ಮನೆಗೇ ಬಂದು ಕೇಳಿದರು. ಬರೆದುಕೊಟ್ಟೆ. ಮೂರನೆಯ ದಿನ ಅದೇ ಎರಡು ಪುಟ ಮಡಿಸಿಕೊಂಡು ವಾಪಸ್ ಬಂದರು. "ಇದನ್ನ ಹಾಕೋಕಾಗಲ್ಲ ಮೇಷ್ಟ್ರೇ, ಮನೆಯವರು ನೊಂದ್ಕೋತಾರೆ" ಎಂದರು. ನನ್ನ ಪುಟಗಳ ಜಾಗದಲ್ಲಿ ಯಾರೋ ಬರೆದ ಪದ್ಯ ಬಂತು. ಅದರಲ್ಲಿ ಆತನನ್ನು ಕಪಿಲಾ ನದಿಗೆ ಹೋಲಿಸಿದ್ದಾರೆ. ಕಪಿಲೆ ಪಾಪ, ಯಾವ ಊರಿಗೆ ನೀರು ಕೊಟ್ಟರೂ ದಡದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದನ್ನು ನಾನಂತೂ ಕಂಡಿಲ್ಲ.

ಆ ಎರಡು ಪುಟವನ್ನೇ ಇಲ್ಲಿ ಬೆಳೆಸಿ ಬರೆಯುತ್ತಿದ್ದೇನೆ. ಆತನ ಹೆಸರು ಮಾತ್ರ ಬರೆಯುವುದಿಲ್ಲ. ತನ್ನ ಹೆಸರಿಲ್ಲದ ಕಡೆ ಒಂದು ಲೋಟ ಕಾಫಿಯನ್ನೂ ಕೊಡಿಸದೆ ಬದುಕಿದವನಿಗೆ ನಾನು ಕೊಡಬಹುದಾದ ಶಿಕ್ಷೆ ಇದೊಂದೇ. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಬದುಕಿದ್ದಾಗ ಬೈಯುವ ಧೈರ್ಯ ಇಲ್ಲದವನು ಇನ್ನು ಯಾವಾಗ ಬೈಯಬೇಕು? ಆ ವಿಷಯಕ್ಕೂ ಆಮೇಲೆ ಬರುತ್ತೇನೆ.

ನಮ್ಮ ಪ್ರತಿಷ್ಠಾನ ದೊಡ್ಡದೇನಲ್ಲ. ನಂಜನಗೂಡಿನ ಕೆಲವು ವರ್ತಕರು, ಅಕ್ಕಿ ಗಿರಣಿಯವರು, ಇಬ್ಬರು ಡಾಕ್ಟರು, ನನ್ನಂಥ ಪಿಂಚಣಿ ಮೇಷ್ಟ್ರುಗಳು ಸೇರಿ ಕಟ್ಟಿದ್ದು. ಊರಿನವರು ಕೊಟ್ಟದ್ದನ್ನು ಒಂದೆಡೆ ಕೂಡಿಟ್ಟು, ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕಿನ ಸಣ್ಣ ಸಣ್ಣ ಸಂಘಗಳಿಗೆ ಅನುದಾನ ಕೊಡುವುದು ನಮ್ಮ ಕೆಲಸ. ಸರ್ಕಾರದ ಕಣ್ಣಿಗೆ ಬೀಳದಷ್ಟು ಚಿಕ್ಕದಾದರೂ ಒಂದು ಬೀದಿಗೆ ತುಂಬ ಬೇಕಾದ ಕೆಲಸಗಳು ಇರುತ್ತವಲ್ಲ, ಅಂಥವಕ್ಕೆ ಕೈಹಿಡಿಯೋಣ ಎಂದು ಶುರು ಮಾಡಿದೆವು. ಆಲೋಚನೆ ಒಳ್ಳೆಯದಿತ್ತು, ಈಗಲೂ ಒಳ್ಳೆಯದೇ. ಆತ ಅದಕ್ಕೆ ಕಾರ್ಯದರ್ಶಿಯಾದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಗೆ ನಮ್ಮೂರಿನಲ್ಲಿ ಒಂದು ಹುದ್ದೆ ಖಾಲಿ ಇತ್ತು, ಭರ್ತಿಯಾಯಿತು.

ಸರ್ವೆ ಕೆಲಸದಲ್ಲಿದ್ದು ನಿವೃತ್ತನಾದವನು. ಜಮೀನು ಅಳೆಯುವುದು ಬಿಟ್ಟ ಮೇಲೂ ಪ್ಯಾಂಟಿನ ಜೇಬಿನಲ್ಲಿ ಸ್ಟೀಲಿನ ಟೇಪು ಇಟ್ಟುಕೊಂಡೇ ಓಡಾಡುತ್ತಿದ್ದ. ಯಾವುದೇ ಸಂಘದ ಜಾಗಕ್ಕೆ ಹೋದರೂ ಅಲ್ಲಿನವರು ಕಷ್ಟ ಹೇಳಿಕೊಳ್ಳುತ್ತಿರುವಾಗಲೇ ಈತನ ಕಣ್ಣು ಗೋಡೆಯ ಮೇಲೆ ಓಡಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಸರ್ರನೆ ಟೇಪು ಎಳೆಯುವ ಸದ್ದು. "ಮೂರು ಅಡಿಗೆ ಎರಡು ಅಡಿ ಕೂರುತ್ತೆ ನೋಡಿ ಮೇಷ್ಟ್ರೇ" ಎಂದು ನನ್ನತ್ತ ತಿರುಗುತ್ತಿದ್ದ. ಬೋರ್ಡು ಕೂರುವ ಗೋಡೆ ಇಲ್ಲದ ಸಂಘಕ್ಕೆ ಅನುದಾನ ಸಿಕ್ಕಿದ್ದು ನನಗೆ ನೆನಪಿಲ್ಲ.

ತಾಂಡವಪುರದ ಒಂದು ಬೀದಿಗೆ ಶುದ್ಧ ನೀರಿನ ನಲ್ಲಿ ಹಾಕಿಸಿದೆವು. ಅಲ್ಲಿದ್ದದ್ದು ಮೊಳದಗಲದ ಗೋಡೆ. ಈತ ಬಿಡುತ್ತಾನೆಯೇ? ನಲ್ಲಿಯ ನೇರ ಮೇಲಕ್ಕೆ ಕರಿಕಲ್ಲಿನ ಫಲಕ ಕೂರಿಸಿದ. ಬಗ್ಗಿ ಬಿಂದಿಗೆ ತುಂಬಿಸಿಕೊಂಡು ಎದ್ದವರ ತಲೆಗೆ ಅದರ ಅಂಚು ಸರಿಯಾಗಿ ಬಡಿಯುತ್ತಿತ್ತು. ಉದ್ಘಾಟನೆಯ ದಿನವೇ ಒಬ್ಬ ಅಜ್ಜಿ ತಲೆ ಉಜ್ಜಿಕೊಳ್ಳುತ್ತ, "ಅದ್ಯಾವ ಮೂದೇವಿನ್ಲಾ ಇಲ್ಲಿ ಕಲ್ಲು ಮಡಗ್ದೋನು?" ಎಂದಳು. ಆ ಮೂದೇವಿ ಪಕ್ಕದಲ್ಲೇ ಶಾಲು ಹೊದ್ದು ನಿಂತಿದ್ದ. ನನ್ನ ಕಿವಿಯ ಹತ್ತಿರ ಬಂದು "ಮುಗ್ಧ ಜನ" ಎಂದ.

ಹಾರದ ವಿಷಯ ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ಒಂದೇ ದಿನ ಎರಡು ಕಡೆ ಕಾರ್ಯಕ್ರಮವಿದ್ದರೆ, ಮೊದಲನೆಯ ಕಡೆ ಹಾಕಿದ ಹಾರವನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದ. ಎರಡನೆಯ ಕಡೆಯವರು ಬಡವರು, ಹಾರ ತಂದಿರುವುದಿಲ್ಲ ಎಂಬ ಮುಂದಾಲೋಚನೆ. ಬಿಳಿಗೆರೆಯಲ್ಲಿ ಹಾಗೇ ಆಯಿತು. ಡಿಕ್ಕಿಯಿಂದ ಹಾರ ತೆಗೆದು ತಾನೇ ಸಂಘದ ಹೆಂಗಸಿನ ಕೈಗೆ ಕೊಟ್ಟು, ತಾನೇ ಕತ್ತು ಬಗ್ಗಿಸಿದ. ಭಾಷಣದ ಕೊನೆಗೆ ಎಂದಿನ ಮಾತು: "ಊರಿಗೆ ಮಾಡಿದ ಉಪಕಾರ, ಹೆಣಕ್ಕೆ ಮಾಡಿದ ಶೃಂಗಾರ. ಏನೂ ಪ್ರತಿಫಲ ಬಯಸಬಾರದು." ಹಾಗೆಂದು ಒಂದು ನಿಟ್ಟುಸಿರು ಬಿಟ್ಟು ನಿಲ್ಲುತ್ತಿದ್ದ. ಸಭೆಯಲ್ಲಿ ಯಾರಾದರೊಬ್ಬರು "ಹಂಗನ್ಬೇಡಿ ಸಾರ್" ಎನ್ನುವವರೆಗೂ ಕೂರುತ್ತಿರಲಿಲ್ಲ.

ಫೋನು ಎತ್ತಿದರೆ "ಹಲೋ, ಪ್ರತಿಷ್ಠಾನ ಮಾತಾಡ್ತಿದೆ" ಎನ್ನುತ್ತಿದ್ದ. ಒಮ್ಮೆ ನನ್ನೆದುರಿಗೇ ಆತನ ಹೆಂಡತಿಯ ಫೋನಿಗೂ ಅಭ್ಯಾಸಬಲದಿಂದ ಹಾಗೇ ಅಂದ. ಆಕೆ ಅತ್ತಲಿಂದ, "ಪ್ರತಿಷ್ಠಾನ ಮನೆಗೆ ಬರೋವಾಗ ಎರಡು ಕಟ್ಟು ಕೊತ್ತಂಬರಿ ತರಲಿ" ಎಂದದ್ದು ನನಗೂ ಕೇಳಿಸಿತು. ಆ ಮನೆಯಲ್ಲಿ ನಗು ಬರುವ ಮಾತಾಡುತ್ತಿದ್ದದ್ದು ಆಕೆಯೊಬ್ಬರೇ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಪ್ರಚಾರದ ಹುಚ್ಚು ಯಾರಿಗಿಲ್ಲ? ನನ್ನ ತಿರಸ್ಕಾರ ಗಟ್ಟಿಯಾದದ್ದು ನರಸೀಪುರದ ಮಂಚಗಳ ವಿಷಯದಲ್ಲಿ.

ನರಸೀಪುರದ ಒಂದು ಹಿಂಬೀದಿಯಲ್ಲಿ ಚಿಕ್ಕತಾಯಮ್ಮ ಎಂಬುವರಿದ್ದಾರೆ. ಒಂದು ನರ್ಸಿಂಗ್ ಹೋಮಿನಲ್ಲಿ ಬಹಳ ವರ್ಷ ಆಯಾ ಆಗಿದ್ದವರು. ಗಂಡ ಎರಡು ವರ್ಷ ಮಲಗಿದಲ್ಲೇ ಇದ್ದು ತೀರಿಕೊಂಡ ಮೇಲೆ, ಮನೆಯಲ್ಲಿ ಉಳಿದ ಒಂದು ವಾಕರು, ಒಂದು ಕಮೋಡ್ ಕುರ್ಚಿ, ಒಂದು ಮಂಚ ಇವನ್ನು ಬೀದಿಯಲ್ಲಿ ಕಾಯಿಲೆ ಬಿದ್ದವರಿಗೆ ಕೊಡಲು ಶುರು ಮಾಡಿದರು. ಬಾಡಿಗೆ ಇಲ್ಲ, ಠೇವಣಿ ಇಲ್ಲ. ಹಾಸಿಗೆ ಹಿಡಿದವರಿಗೆ ಮಗ್ಗುಲು ಬದಲಿಸುವುದು ಹೇಗೆ, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಆ ಮನೆಯವರಿಗೆ ಹೇಳಿಕೊಟ್ಟು ಬರುತ್ತಿದ್ದರು. ಬೀದಿಯ ಹತ್ತು ಹನ್ನೆರಡು ಹೆಂಗಸರು ಜೊತೆಯಾದರು. ಜನ ಅದಕ್ಕೆ 'ಮಂಚದ ಸಂಘ' ಎಂದು ಹೆಸರಿಟ್ಟರು.

ಆ ಸಂಘದಲ್ಲಿ ಒಂದು ಕಟ್ಟುಪಾಡು ಇತ್ತು. ಮನೆಯಲ್ಲಿ ಸಾವಾದರೆ ತಿಥಿ ಮುಗಿದ ಮಾರನೆಯ ದಿನ ಮಂಚ ವಾಪಸ್ ಬರಬೇಕು. ಬಿಸಿನೀರು, ಫಿನಾಯಿಲು ಹಾಕಿ ತೊಳೆದು ಒಂದು ಪೂರ್ತಿ ದಿನ ಬಿಸಿಲಿಗಿಡಬೇಕು. ಆಮೇಲೆ ಅದು ಯಾರ ಮನೆಯಿಂದ ಬಂತು, ಅದರ ಮೇಲೆ ಮಲಗಿದ್ದವರು ಏನಾದರು ಎಂದು ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. ಒಂದು ಮಂಚಕ್ಕೂ ಇನ್ನೊಂದಕ್ಕೂ ಗುರುತು ಬೇಕಲ್ಲ, ಅದಕ್ಕೆ ಕಾಲಿಗೆ ಒಂದೊಂದು ಬಣ್ಣದ ಉಲ್ಲನ್ ದಾರ ಕಟ್ಟುತ್ತಿದ್ದರು. ಕೆಂಪು ದಾರದ ಮಂಚ, ಹಳದಿ ದಾರದ ಕುರ್ಚಿ. "ಸತ್ತೋರ ಮಂಚ ಅಂತ ಗೊತ್ತಾದ್ರೆ ಯಾರು ಸಾ ಮಲೀಕತಾರೆ?" ಎಂದು ಚಿಕ್ಕತಾಯಮ್ಮ ನನಗೆ ಮೊದಲ ದಿನವೇ ಹೇಳಿದ್ದರು. ಎಷ್ಟು ಸರಳವಾದ ಮಾತು. ಕೇಳಿಸಿಕೊಂಡೆ, ತಲೆಯಾಡಿಸಿದೆ, ಮರೆತೆ.

ಅವರ ಅರ್ಜಿಯನ್ನು ಸಮಿತಿಯ ಮುಂದೆ ಇಟ್ಟವನು ನಾನೇ. ಆರು ಹೊಸ ಮಂಚ, ತಲೆದಿಕ್ಕು ಏರಿಸುವ ಹ್ಯಾಂಡಲ್ ಇರುವಂಥವು. ಇಡಲು ಬಾಡಿಗೆಗೆ ಒಂದು ಕೋಣೆ. ವಾರಕ್ಕೆರಡು ದಿನ ಮನೆಮನೆಗೆ ಹೋಗಿ ಬರುವ ನರ್ಸಮ್ಮನಿಗೆ ಸಂಬಳ. ಆತ ಅರ್ಜಿ ಓದಿ ಕನ್ನಡಕ ತೆಗೆದು, "ಆರು ಮಂಚ ಅಂದ್ರೆ ಆರು ಬೋರ್ಡು ಮೇಷ್ಟ್ರೇ" ಎಂದ. ಅವತ್ತೇ ಸಹಿ ಹಾಕಿದ. ಅಪ್ಪ ಅಮ್ಮನ ನೆನಪಿಗೆ ಏನಾದರೂ ಕೊಡಬೇಕು ಎನ್ನುತ್ತಿದ್ದ ಆರು ಮನೆಯವರನ್ನು ಒಂದೇ ವಾರದಲ್ಲಿ ಹಿಡಿದು ತಂದ. ಆ ಚುರುಕು ಆತನಲ್ಲಿತ್ತು, ಇಲ್ಲ ಎನ್ನಲಾರೆ.

ಅನುದಾನ ಬಂದ ಮೇಲೆ ಆ ಬೀದಿ ಹೇಗೆ ಚಿಗುರಿತು ಎನ್ನುವುದನ್ನೂ ಹೇಳಬೇಕು. ನರ್ಸಮ್ಮ ನಾಲ್ಕು ಹೆಂಗಸರಿಗೆ ಹುಣ್ಣು ತೊಳೆಯುವುದು, ಕೊಳವೆಯಲ್ಲಿ ಗಂಜಿ ಕೊಡುವುದು ಕಲಿಸಿದಳು. ಕೋಣೆಯ ಮುಂದಿನ ಮೆಟ್ಟಿಲಿಗೆ ಗಾಲಿಕುರ್ಚಿ ಹತ್ತುವಂತೆ ಬೀದಿಯವರೇ ಇಳಿಜಾರು ಕಟ್ಟಿದರು. ಗೂಡ್ಸ್ ಆಟೋದವರು ಸರದಿ ಮಾಡಿಕೊಂಡು ಮಂಚ ಸಾಗಿಸತೊಡಗಿದರು. ಬಿಳಿಗೆರೆಯಿಂದ ಕೆಲವು ಹೆಂಗಸರು ಬಂದು ನೋಡಿ, ತಾವೂ ಹೀಗೇ ಮಾಡುತ್ತೇವೆ ಎಂದು ಹೋದರು. ಹೊರಗಿನಿಂದ ಒಂದು ಕೈ ಆಸರೆ ಸಿಕ್ಕರೆ ಸಣ್ಣ ಸಂಘವೊಂದು ಎಷ್ಟು ಮಾಡಬಲ್ಲದು ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ. ಇದೆಲ್ಲ ಆದದ್ದು ಬೋರ್ಡುಗಳ ನಡುವೆಯೂ ಎಂಬುದೇ ಆಶ್ಚರ್ಯ.

ಬೋರ್ಡುಗಳು. ನೀಲಿ ತಗಡಿನ ಮೇಲೆ ಬಿಳಿ ಅಕ್ಷರ. 'ದಿವಂಗತ ಶ್ರೀ ಇಂಥವರ ಪುಣ್ಯಸ್ಮರಣೆಗಾಗಿ' ಎಂಬ ಸಾಲು, ಪಕ್ಕದಲ್ಲಿ ಹಾರ ಹಾಕಿದ ಫೋಟೋ, ಕೆಳಗೆ ಪ್ರತಿಷ್ಠಾನದ ಹೆಸರು, ಅದರ ಕೆಳಗೆ ಕಾರ್ಯದರ್ಶಿಯ ಹೆಸರು. ಆತನ ಅಕ್ಷರ ದಿವಂಗತರ ಅಕ್ಷರಕ್ಕಿಂತ ಒಂದು ನೂಲು ದಪ್ಪ. ಮಂಚದ ತಲೆದಿಕ್ಕಿನ ತಗಡನ್ನು ಆತ ಟೇಪು ಹಿಡಿದು ಅಳೆದ. ಕಾರ್ಯಕ್ರಮದ ದಿನ ಚಿಕ್ಕತಾಯಮ್ಮ ಆ ಆರನ್ನೂ ಒಂದೊಂದಾಗಿ ನೋಡುತ್ತ ಹೋದರು. ಆಮೇಲೆ ಮೆಲ್ಲಗೆ, "ಇದ್ನ ಕಾಲ್‌ದಿಕ್ಕಿಗೆ ಆಕಕ್ಕಾಯ್ತಿರ್ಲಿಲ್ವಾ ಸಾ?" ಎಂದರು.

"ಹಿರಿಯರ ಹೆಸರು ಕಾಲಿನ ಹತ್ತಿರ ಹಾಕ್ತಾರೇನಮ್ಮಾ? ಬುದ್ಧಿ ಬೇಡ್ವಾ?" ಎಂದು ಆತ ಗದರಿದ.

ಆಕೆ ಏಕೆ ಕೇಳಿದರು ಎಂದು ನಾನೂ ವಿಚಾರಿಸಲಿಲ್ಲ. ಆ ಬೋರ್ಡಿನ ಒಕ್ಕಣೆ ನನ್ನದೇ. 'ಪುಣ್ಯಸ್ಮರಣೆ' ಎಂಬ ಮಾತು ಚೆನ್ನಾಗಿ ಕೂತಿದೆ ಎಂದು ಒಳಗೊಳಗೇ ಹಿಗ್ಗಿಕೊಂಡು ನಿಂತಿದ್ದೆ.

ಮೊದಲ ಮಂಚ ಹೋದದ್ದು ಸೋಸಲೆಗೆ. ನಿಂಗರಾಜು ಎಂಬ ಗಾರೆ ಕೆಲಸದವನು ಮೇಲಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಮಲಗಿದ್ದ. ವಯಸ್ಸು ನಲವತ್ತೂ ಇಲ್ಲ. ಸಂಘದ ಹೆಂಗಸರು ಆಟೋದಿಂದ ಮಂಚ ಇಳಿಸಿ ಒಳಗಿಟ್ಟರು. ಅವನ ಹೆಂಡತಿ ಮಂಜುಳ ಓದಬಲ್ಲವಳು. ತಲೆದಿಕ್ಕಿನ ಬೋರ್ಡು ಓದಿದಳು, ಫೋಟೋ ನೋಡಿದಳು, ಮಂಚವನ್ನು ಒಬ್ಬಳೇ ಬಾಗಿಲಾಚೆ ಎಳೆದು ಹಾಕಿದಳು.

"ಉಸ್ರಾಡ್ತಾ ಅವ್ನೆ ಕಣಕ್ಕ ನನ್ ಗಂಡ! ದಿವಂಗತ ಅಂತ ತಲೆ ಮ್ಯಾಲೆ ಬರ್ಕಂಡು ಮಲಗಿಸ್ಲಾ? ಓಗಿ, ತಕಂಡೋಗಿ!"

ನಿಂಗರಾಜು ಚಾಪೆಯ ಮೇಲೇ ಉಳಿದ. ಇನ್ನೆರಡು ಮನೆಯಲ್ಲೂ ಹೀಗೇ ಆಯಿತು. ಆರು ಹೊಸ ಮಂಚ ಕೋಣೆಯಲ್ಲಿ ಸಾಲಾಗಿ ನಿಂತವು. ಹಳೆಯ ಕೆಂಪು ದಾರದ ಒಂದೇ ಮಂಚಕ್ಕೆ ನಾಲ್ಕು ಮನೆಯವರು ಕಾದರು. ಚಿಕ್ಕತಾಯಮ್ಮ ನನಗೆ ಫೋನು ಮಾಡಿದರು. ನಾನು ಆತನ ಮನೆಗೆ ಹೋಗಿ, "ಆ ಬೋರ್ಡು ತೆಗೆಸಬೇಕು, ಬೇಕಾದರೆ ಕೋಣೆಯ ಗೋಡೆಗೆ ಹಾಕೋಣ" ಎಂದೆ.

ಆತ ಯೋಚಿಸಿದ. ನಿಜವಾಗಿ ಯೋಚಿಸಿದ, ಹಣೆ ನೆರಿಗೆ ಕಟ್ಟಿತ್ತು. ಆಮೇಲೆ ಹೇಳಿದ:

"ಓದೋಕೆ ಬರದೇ ಇರೋರಿಗೆ ಕೊಡಿ ಅನ್ನಿ."

ಜೀವಮಾನವೆಲ್ಲ ಹಳ್ಳಿ ಮಕ್ಕಳಿಗೆ ಓದು ಕಲಿಸಿದ ನಾನು ಆ ಮನೆಯ ಕಾಫಿ ಕುಡಿದು, ಆ ಮಾತು ಕೇಳಿಸಿಕೊಂಡು ಎದ್ದು ಬಂದೆ. ಚಿಕ್ಕತಾಯಮ್ಮನಿಗೆ ಹೇಳಿದಾಗ ಅವರು, "ಓದಕ್ಕೆ ಬರ್ದೆ ಇದ್ರೆ ಆರ ಆಕಿರೋ ಫೋಟ ಕಾಣಕಿಲ್ವಾ ಸಾ?" ಎಂದರು. ಬೋರ್ಡು ತೆಗೆದರೆ ಎರಡನೆಯ ವರ್ಷದ ಅನುದಾನವಿಲ್ಲ ಎಂದು ಕರಾರಿನಲ್ಲೇ ಇತ್ತು. ಎರಡನೆಯ ವರ್ಷದ ಅನುದಾನವಿಲ್ಲದಿದ್ದರೆ ನರ್ಸಮ್ಮ ಇಲ್ಲ, ಕೋಣೆಯೂ ಇಲ್ಲ. ಕರಾರಿಗೆ ಸಾಕ್ಷಿ ಹಾಕಿದವನೂ ನಾನೇ.

ದಾರಿ ಕಂಡುಕೊಂಡವರು ಆ ಹೆಂಗಸರು. ಹಳೆಯ ಸೀರೆಗಳನ್ನು ಕತ್ತರಿಸಿ, ದಿಂಬಿನ ಗವಸಿನಂತೆ ತಲೆದಿಕ್ಕಿಗೆ ಆರು ಗವಸು ಹೊಲಿದರು. ಮೇಲಿನಿಂದ ತೊಡಿಸಿದರೆ ಬೋರ್ಡು ಪೂರ್ತಿ ಮುಚ್ಚಿಹೋಗುತ್ತಿತ್ತು. "ನಾವು ತಗ್ದಿಲ್ಲ ಸಾ, ಮುಚ್ಚಿದ್ದೀವಿ. ಕರಾರ್ನಾಗೆ ಮುಚ್ಬ್ಯಾಡಿ ಅಂತ ಇಲ್ವಲ್ಲ" ಎಂದು ಚಿಕ್ಕತಾಯಮ್ಮ ನಕ್ಕರು. ಮಂಚಗಳು ಹೊರಟವು. ಹೂವಿನ ಬಳ್ಳಿಯ ಗವಸು ತೊಟ್ಟ ಮಂಚದ ಮೇಲೆ ನಿಂಗರಾಜು ಮಲಗಿದ. ಹ್ಯಾಂಡಲ್ ತಿರುಗಿಸಿ ಬೆನ್ನು ಏರಿಸಿದರೆ ಅವನಿಗೆ ಬಾಗಿಲಾಚೆಯ ಬೀದಿ ಕಾಣುತ್ತಿತ್ತು. ನರ್ಸಮ್ಮ ವಾರಕ್ಕೆರಡು ಸಲ ಹೋಗಿ ಹುಣ್ಣು ನೋಡುತ್ತಿದ್ದಳು.

ಒಂದು ದಿನ ಆತ ಕಾರು ತಂದು ನನ್ನ ಮನೆ ಮುಂದೆ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಒಬ್ಬ ದಾನಿ, ಅಪ್ಪನ ಹೆಸರಿನ ಮಂಚ ಎಲ್ಲಿದೆ ಎಂದು ನೋಡಬೇಕಂತೆ. "ಸೋಸಲೆಗೆ ಹೋಗಿ ಒಂದು ಫೋಟೋ ತೆಗೆದು ಬಂದುಬಿಡೋಣ ಮೇಷ್ಟ್ರೇ" ಎಂದ. ಹೋದೆವು. ಕಾರಿನಿಂದಲೇ ಚಿಕ್ಕತಾಯಮ್ಮನಿಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ.

ನಿಂಗರಾಜು ಬೆನ್ನು ಏರಿಸಿಕೊಂಡು ಗಂಜಿ ಕುಡಿಯುತ್ತಿದ್ದ. ಆತ ಒಳಗೆ ನುಗ್ಗಿದವನೇ "ಇದೇನಿದು?" ಎಂದು ಗವಸನ್ನು ಎರಡೂ ಕೈಯಿಂದ ಕಿತ್ತ. ಕಿತ್ತು, ಹಿಂದಿದ್ದ ನನ್ನ ಕೈಗೆ ಕೊಟ್ಟ. ನಾನು ಹಿಡಿದುಕೊಂಡೆ. ಮಂಜುಳ ಒಲೆಯ ಮುಂದಿನಿಂದ ಎದ್ದು ಬಂದವಳು ಬೋರ್ಡು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ನಿಂಗರಾಜು ಕತ್ತು ಹೊರಳಿಸಿ ಹಿಂದಕ್ಕೆ ನೋಡಲು ಪ್ರಯತ್ನಿಸಿದ. ಬೋರ್ಡು ಅವನಿಗೆ ಕಾಣುವಂತಿರಲಿಲ್ಲ. ಹೆಂಡತಿಯ ಮುಖ ಕಂಡಿತು, ಅಷ್ಟರಿಂದಲೇ ತಿಳಿಯಿತು. ಮೊಬೈಲು ಎತ್ತಿ ಹಿಡಿದಿದ್ದ ಆತನಿಗೆ ಅವನು ಹೇಳಿದ:

"ಸಾ, ನಾನಿನ್ನೂ ಇವ್ನಿ ಸಾ."

ಫೋಟೋ ತೆಗೆದಾಯಿತು. ದಾನಿ ಮುಖ ತಗ್ಗಿಸಿ ಹೊರಗೆ ಹೋದರು. ನಾನು ಗವಸು ಹಿಡಿದು ಗೋಡೆಗೆ ಆತು ನಿಂತಿದ್ದೆ. ಹೂವಿನ ಬಳ್ಳಿಯ ಹಳೇ ಸೀರೆಯ ಬಟ್ಟೆ. ಅದನ್ನು ಹಾಗೇ ಮತ್ತೆ ತೊಡಿಸಿ ಬಂದೆನೇ ಎಂದು ಕೇಳಿದರೆ, ಇಲ್ಲ. ಮಂಚದ ತುದಿಗೆ ಇಟ್ಟು, ಕಾರು ಹಾರನ್ ಮಾಡಿತು ಎಂದು ಓಡಿಬಂದೆ. ಆತನನ್ನು ನಾನು ತಿರಸ್ಕರಿಸುವುದು ನಿಜ. ಆ ಲೆಕ್ಕದಲ್ಲಿ ನನಗೂ ಒಂದು ಪಾಲು ಇದೆ.

ಹುಟ್ಟುಗುಣ ಸುಟ್ಟರೂ ಹೋಗದು. ಮುಂದಿನ ಸಭೆಯಲ್ಲಿ ಆತ ನರಸೀಪುರದ ಸಂಘ ನಿಯಮ ಮೀರಿದೆ, ದಾನಿಗಳಿಗೆ ಅವಮಾನವಾಗಿದೆ ಎಂದು ಎರಡನೆಯ ವರ್ಷದ ಅನುದಾನ ನಿಲ್ಲಿಸಿದ. ನಾನು ವಿರೋಧಿಸಿದೆ. ನನ್ನ ವಿರೋಧ ಎಷ್ಟು ಮೆತ್ತಗಿತ್ತೆಂದರೆ, ನಡಾವಳಿ ಬರೆದವರು ಅದನ್ನು 'ಚರ್ಚಿಸಲಾಯಿತು' ಎಂದು ಬರೆದುಕೊಂಡರು. ನರ್ಸಮ್ಮ ಬರುವುದು ನಿಂತಿತು. ಕೋಣೆಯ ಮಾಲೀಕ ಖಾಲಿ ಮಾಡಿ ಎಂದ. ನಿಂಗರಾಜುವಿನ ಬೆನ್ನಿನ ಹುಣ್ಣು ಮತ್ತೆ ಬಾಯಿ ಬಿಟ್ಟಿತು, ಜ್ವರ ಹತ್ತಿತು. ಸಂಘದ ಹೆಂಗಸರು ಬಸ್ಸು ಹಿಡಿದು ಸೋಸಲೆಗೆ ಸರದಿಯಂತೆ ಹೋಗಿ ಬಂದರು. ಅವರಿಗೆ ಗೊತ್ತಿದ್ದಷ್ಟು ಮಾಡಿದರು. ನರ್ಸು ಮಾಡುವುದನ್ನು ಎಲ್ಲರೂ ಮಾಡಲಾಗುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಆತ ಬಚ್ಚಲುಮನೆಯಲ್ಲಿ ಬಿದ್ದ. ಲಕ್ವ. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ಪ್ರತಿಷ್ಠಾನ ಇನ್ನು ಮಾತಾಡುವಂತಿರಲಿಲ್ಲ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ ದಿನ ಆತನ ಹೆಂಡತಿ ನನಗೆ ಫೋನು ಮಾಡಿದರು. "ಮೇಷ್ಟ್ರೇ, ತಲೆ ಎತ್ತಿಸೋ ಮಂಚ ಬೇಕಂತೆ. ಮೈಸೂರಿಂದ ಬರೋಕೆ ಎರಡು ದಿನ ಅಂತಾರೆ. ನಿಮ್ಮ ನರಸೀಪುರದಲ್ಲಿ ಇತ್ತಲ್ಲ?"

ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದುಕೊಂಡೇ ಚಿಕ್ಕತಾಯಮ್ಮನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮನೆ ಬಾಕ್ಲು ಎಷ್ಟು ಅಗ್ಲ ಐತೆ ಸಾ?" ಮಧ್ಯಾಹ್ನಕ್ಕೆ ಗೂಡ್ಸ್ ಆಟೋದಲ್ಲಿ ಮಂಚದ ಜೊತೆಗೇ ಬಂದಿಳಿದರು. ಗವಸು ತೊಡಿಸಿಯೇ ತಂದಿದ್ದರು. ಆತನನ್ನು ಹೇಗೆ ಎತ್ತಬೇಕು, ಹೇಗೆ ಹೊರಳಿಸಬೇಕು ಎಂದು ಆ ಮನೆಯವರಿಗೆ ಮಾಡಿ ತೋರಿಸಿದರು. ಆಯಾ ಕೆಲಸದವರ ಕೈ, ಗಟ್ಟಿಯಾಗಿ ಹಿಡಿಯುತ್ತದೆ, ನೋಯಿಸುವುದಿಲ್ಲ. ಆತ ಅವರ ಮುಖವನ್ನೇ ನೋಡುತ್ತಿದ್ದ. "ಇಂಗೆ ಮಲೀಕಳಿ ಸಾ, ಬೆನ್ನಿಗೆ ಗಾಳಿ ಆಡ್ಲಿ" ಎಂದು ದಿಂಬು ಸರಿಮಾಡಿ ಹೊರಟರು. ನಾನಾಗಿದ್ದರೆ ಒಂದು ಮಾತಾದರೂ ಚುಚ್ಚುತ್ತಿದ್ದೆ.

ಎರಡು ದಿನ ಬಿಟ್ಟು ನೋಡಲು ಹೋದೆ. ಆತನ ಎಡಗೈ ಮಾತ್ರ ಆಡುತ್ತಿತ್ತು. ಅದು ಪದೇ ಪದೇ ತಲೆಯ ಮೇಲಕ್ಕೆ ಹೋಗಿ ಗವಸಿನ ಅಂಚನ್ನು ತಡಕುತ್ತಿತ್ತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡಿ ಮೇಷ್ಟ್ರೇ, ಈಗಲೂ ಪ್ರತಿಷ್ಠಾನದ್ದೇ ಧ್ಯಾನ. ಬೋರ್ಡು ಎಲ್ಲರಿಗೂ ಕಾಣಲಿ ಅಂತ ಬಟ್ಟೆ ತೆಗೀ ಅಂತಿದಾರೆ. ಬೆಳಿಗ್ಗೆಯಿಂದ ಇದೇ ಆಗಿದೆ" ಎಂದರು. ಎಂದವರು ಗವಸಿಗೆ ಕೈ ಹಾಕಿ ಮೇಲಕ್ಕೆತ್ತಲು ಹೋದರು.

ಆತನ ಗಂಟಲಿನಿಂದ ಒಂದು ಸದ್ದು ಬಂತು. ಅಷ್ಟು ಭಾಷಣ ಕೇಳಿದ್ದ ನಾನು ಆ ಸದ್ದನ್ನು ಕೇಳಿರಲಿಲ್ಲ. ಎಡಗೈ ಗವಸಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೆಳಕ್ಕೆ ಜಗ್ಗುತ್ತಿತ್ತು. ಆತ ಅದನ್ನು ಕೀಳಲು ನೋಡುತ್ತಿರಲಿಲ್ಲ, ಸರಿಯಾಗಿ ಮುಚ್ಚಿದೆಯೇ ಎಂದು ಬೆಳಿಗ್ಗೆಯಿಂದ ನೋಡಿಕೊಳ್ಳುತ್ತಿದ್ದ. ಮನೆಗೆ ಯಾರು ಬಂದರೂ ಮೊದಲು ಆ ಕೈ ಮೇಲಕ್ಕೆ ಹೋಗುತ್ತಿತ್ತಂತೆ. ನಾನೇ ಗವಸನ್ನು ಕೆಳಗಿನವರೆಗೂ ಎಳೆದು ಮುಚ್ಚಿದೆ. ಕೈ ಸಡಿಲವಾಯಿತು.

ಆತನಿಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನನಗೆ ಹಾಗನ್ನಿಸಲಿಲ್ಲ. ಆತನಿಗೆ ಹೆದರಿಕೆಯಾಗಿತ್ತು, ಅಷ್ಟೇ. ಸೋಸಲೆಯ ಗಾರೆಯವನಿಗೆ ಆದಷ್ಟೇ ಹೆದರಿಕೆ. ಅದನ್ನು ತಿಳಿಯಲು ಆತನಿಗೆ ತನ್ನ ಅರ್ಧ ಮೈಯನ್ನೇ ಕಳೆದುಕೊಳ್ಳಬೇಕಾಯಿತು ಎಂಬುದು ನನಗೆ ಈಗಲೂ ತಿರಸ್ಕಾರ ಹುಟ್ಟಿಸುತ್ತದೆ.

ಆತ ಮಲಗಿದ ಮೇಲೆ ಸಮಿತಿಯವರು ನನ್ನನ್ನು ಹಂಗಾಮಿ ಕಾರ್ಯದರ್ಶಿ ಮಾಡಿದರು. ನಾನು ಹಾಕಿದ ಮೊದಲ ಸಹಿ ನರಸೀಪುರದ ಅನುದಾನಕ್ಕೆ. ಎಷ್ಟು ಸುಲಭವಾಗಿತ್ತು ಆ ಸಹಿ! ನರ್ಸಮ್ಮ ಮತ್ತೆ ಹೊರಟಳು, ನಿಂಗರಾಜುವಿನ ಮನೆಗೂ, ಆತನ ಮನೆಗೂ. ನಿಂಗರಾಜುವಿನ ಹುಣ್ಣು ನಿಧಾನವಾಗಿ ಕೂಡಿಕೊಂಡಿತು. ಈಗ ಗಾಲಿಕುರ್ಚಿಯಲ್ಲಿ ಕೂತು ಬೀದಿಯ ತುದಿಯವರೆಗೂ ಬರುತ್ತಾನೆ. ಹಳೆಯ ಕಾರ್ಯದರ್ಶಿ ಎರಡು ತಿಂಗಳಿದ್ದು ಹೋದ. ಬೆನ್ನಿನ ಮೇಲೆ ಒಂದು ಹುಣ್ಣೂ ಇರಲಿಲ್ಲ ಎಂದು ಮೈ ತೊಳೆಸಿದವರು ಹೇಳಿದರು. ಅದು ಯಾರ ಕೈಯ ಪುಣ್ಯ ಎಂದು ಅಂದಿನ ಭಾಷಣಗಳಲ್ಲಿ ಯಾರೂ ಹೇಳಲಿಲ್ಲ.

ತಿಥಿಯ ಮಾರನೆಯ ದಿನ, ಕಟ್ಟುಪಾಡಿನಂತೆ, ಮಂಚ ವಾಪಸ್ ಹೋಯಿತು. ಅದರ ಜೊತೆಗೆ ಆತನ ಹೆಂಡತಿ ಒಂದು ಹೊಸ ಮಂಚವನ್ನೂ ಕೊಟ್ಟರು. ತಲೆದಿಕ್ಕಿಗೆ ಹಿತ್ತಾಳೆಯ ಫಲಕ, ಅದರ ಮೇಲೆ 'ದಿವಂಗತ', ಆಮೇಲೆ ಆತನ ಹೆಸರು, ಫೋಟೋ. ಅಳತೆ ಸರಿಯಾಗಿ ಕೂರಲಿ ಎಂದು ಆತನ ಟೇಪಿನಲ್ಲೇ ಅಳೆಸಿದ್ದರಂತೆ. ಫಲಕ ಬೇಡ ಎನ್ನಲು ಹೋಗದೆ ಮಂಚವನ್ನು ಆಟೋಗೆ ಹತ್ತಿಸಿದೆ. ದುಃಖದಲ್ಲಿರುವವರಿಗೆ ಹೇಳುವ ಮಾತಲ್ಲ ಅದು.

ನರಸೀಪುರದ ಕೋಣೆಯ ಮುಂದೆ ಮಂಚ ಇಳಿಸಿದಾಗ ಚಿಕ್ಕತಾಯಮ್ಮ ಫಲಕವನ್ನು ನೋಡಿದರು, ನನ್ನನ್ನು ನೋಡಿದರು. "ಗವಸು ಒಲೀಲಾ ಸಾ?" ಎಂದರು.

"ಬೇಡ. ಸ್ಕ್ರೂಡ್ರೈವರ್ ಕೊಡಿ" ಎಂದೆ.

ನಾಲ್ಕು ಸ್ಕ್ರೂ ಇದ್ದವು, ನಾನೇ ಬಿಚ್ಚಿದೆ. ಆ ಫಲಕ ಈಗ ನನ್ನ ಮೇಜಿನ ಡ್ರಾಯರಿನಲ್ಲಿ ಬೋರಲಾಗಿ ಬಿದ್ದಿದೆ. ಉಳಿದ ಆರನ್ನೂ, ಮಂಚಗಳಿದ್ದ ಮನೆಮನೆಗೆ ಹೋಗಿ, ಅದೇ ವಾರ ಬಿಚ್ಚಿ ತಂದು ಕೋಣೆಯ ಗೋಡೆಗೆ ಹೊಡೆದೆ. ಆರು ಮನೆಯವರಲ್ಲಿ ಒಬ್ಬರೂ ಇದುವರೆಗೆ ಏಕೆ ಎಂದು ಕೇಳಿಲ್ಲ. ದಾನಿಗಳಿಗೆ ಅವಮಾನ ಎಂದು ಆತ ನಮ್ಮನ್ನು ಹೆದರಿಸುತ್ತಿದ್ದದ್ದು ಇವರ ಹೆಸರು ಹೇಳಿಯೇ.

"ಯಾವ ಬಣ್ಣ ಕಟ್ಲಿ ಸಾ ಇದಕ್ಕೆ?" ಎಂದು ಚಿಕ್ಕತಾಯಮ್ಮ ಉಲ್ಲನ್ ದಾರದ ಡಬ್ಬಿ ತಂದರು. ಉಳಿದದ್ದು ಹಸಿರೊಂದೇ. ಕಾಲಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಅವತ್ತು ಸಂಜೆಯೇ ಅದು ಯಾರದೋ ಮನೆಗೆ ಹೊರಟಿತು. ಹೊಸದಾದ್ದರಿಂದ ಹ್ಯಾಂಡಲ್ ಸಲೀಸಾಗಿ ತಿರುಗುತ್ತದೆ, ಎಲ್ಲರೂ ಅದನ್ನೇ ಕೇಳುತ್ತಾರಂತೆ. ಹಸಿರು ದಾರದ ಮಂಚ ಬಂತಾ ಎಂದು ಫೋನು ಮಾಡುತ್ತಾರೆ. ಅದು ಯಾರದು ಎಂದು ಅಲ್ಲಿ ಯಾರೂ ಕೇಳುವಂತಿಲ್ಲ.